ಶಾಲೆಯ ಕಂಪ್ಯೂಟರ್: ಬೀಗ ಎಲ್ಲಿ ಹಾಕಬೇಕು, ಮಾತು ಎಲ್ಲಿ ಆಡಬೇಕು

ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2025ರ ಸೆಪ್ಟೆಂಬರಿನಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿತು. 2022ರ ಜನವರಿಯಿಂದ 2024ರ ಆಗಸ್ಟ್‌ವರೆಗೆ ಅಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಒಳಗಿನವರಿಂದಲೇ ಆದ 215 ಮಾಹಿತಿ ಸೋರಿಕೆಗಳನ್ನು ತೆಗೆದು ನೋಡಿದಾಗ ಶೇ. 57ರಷ್ಟು ವಿದ್ಯಾರ್ಥಿಗಳಿಂದ ಆದವು ಎಂದು ಗೊತ್ತಾಯಿತು. ಶೇ. 30ರಷ್ಟು ಪ್ರಕರಣಗಳು ಇನ್ನೊಬ್ಬರ ಲಾಗಿನ್ ಕದ್ದು ಆದಂಥವು, ಅವುಗಳಲ್ಲಿ ಶೇ. 97ರಷ್ಟರ ಹಿಂದೆ ಇದ್ದವರು ಮಕ್ಕಳೇ. ಸಿನಿಮಾದಲ್ಲಿ ತೋರಿಸುವ ಥರದ ಹ್ಯಾಕಿಂಗ್ ಚಳಕ ಕಂಡದ್ದು ಶೇ. 5ರಷ್ಟು ಪ್ರಕರಣಗಳಲ್ಲಿ ಮಾತ್ರ. ಮಿಕ್ಕಿದ್ದರಲ್ಲಿ ನಮಗೆಲ್ಲ ಪರಿಚಿತವಾದ ಸಂಗತಿಗಳೇ ಹೆಚ್ಚು: ಊಹಿಸಬಹುದಾದ ಪಾಸ್‌ವರ್ಡ್, ಚೀಟಿಯಲ್ಲಿ ಬರೆದಿಟ್ಟ ಪಾಸ್‌ವರ್ಡ್, ಲಾಗಿನ್ ಆಗಿದ್ದ ಹಾಗೇ ಬಿಟ್ಟು ಎದ್ದುಹೋದ ಕಂಪ್ಯೂಟರ್.

ಹಾಗಾಗಿ ಫೈರ್‌ವಾಲ್‌ನಿಂದ (ಹೊರಗಿನವರು ನೆಟ್‌ವರ್ಕಿಗೆ ನುಗ್ಗದಂತೆ ತಡೆಯುವ ಗೋಡೆ) ಶುರುವಾಗುವ ಸುರಕ್ಷತಾ ಪಾಠ ಶಾಲೆಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿ ಗ್ರಾಹಕ ಬೇರೆ, ಕಳ್ಳ ಬೇರೆ. ಶಾಲೆಯಲ್ಲಿ ನಾವು ಕಾಪಾಡಬೇಕಾದ ಮಗುವೇ ಕುತೂಹಲಕ್ಕೆ ಬಾಗಿಲು ತಳ್ಳಿ ನೋಡುವ ಮಗುವೂ ಆಗಿರುತ್ತದೆ. ಬೀಗ ಹಾಕುವ ಕೆಲಸ, ಮಕ್ಕಳ ಜೊತೆ ಮಾತಾಡುವ ಕೆಲಸ ಎರಡೂ ಒಟ್ಟಿಗೇ ಸಾಗಬೇಕು. ಒಬ್ಬರೇ ಕಂಪ್ಯೂಟರ್ ಟೀಚರ್, ಇದಕ್ಕೆಂದು ಬೇರೆ ಹಣವಿಲ್ಲ ಎನ್ನುವ ಶಾಲೆಯಲ್ಲಿ ನಾನಾದರೆ ಯಾವ ಕ್ರಮದಲ್ಲಿ ಮಾಡುತ್ತೇನೋ ಅದೇ ಕ್ರಮದಲ್ಲಿ ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಒಂದು ನೋಟ್‌ಬುಕ್, ಒಂದು ಪೆನ್ನು

ಲ್ಯಾಬ್‌ನ ಕಂಪ್ಯೂಟರ್‌ಗಳನ್ನು ಮಾತ್ರ ಎಣಿಸಿದರೆ ಸಾಲದು. ಆಫೀಸಿನ ಕಂಪ್ಯೂಟರ್, ವೈ-ಫೈ ರೂಟರ್, ಸಿಸಿಟಿವಿ ರೆಕಾರ್ಡರ್, ಸ್ಮಾರ್ಟ್ ಬೋರ್ಡ್, ಪ್ರಿಂಟರ್, ಶಾಲೆಯ ವೆಬ್‌ಸೈಟ್, ಇಮೇಲ್, ಫೀಸ್ ಮತ್ತು ಹಾಜರಾತಿಯ ಆ್ಯಪ್, ಪೋಷಕರ ವಾಟ್ಸ್ಆ್ಯಪ್ ಗ್ರೂಪ್ ಎಲ್ಲವೂ ಪಟ್ಟಿಗೆ ಬರಲಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಅದರಲ್ಲಿ ಯಾರ ಮಾಹಿತಿ ಇದೆ, ಅಡ್ಮಿನ್ (ಎಲ್ಲವನ್ನೂ ಬದಲಿಸುವ ಅಧಿಕಾರವಿರುವ) ಪಾಸ್‌ವರ್ಡ್ ಯಾರ ಬಳಿ ಇದೆ, ಅವರು ಕೆಲಸ ಬಿಟ್ಟರೆ ಯಾರು ನೋಡಿಕೊಳ್ಳುತ್ತಾರೆ.

ಮೂರನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಲ್ಲುತ್ತದೆ. ವೆಬ್‌ಸೈಟಿನ ಡೊಮೇನ್ (ವಿಳಾಸದ ಹೆಸರು) ಎಂದೋ ವರ್ಗವಾಗಿ ಹೋದ ಮೇಷ್ಟ್ರ ಸ್ವಂತ ಇಮೇಲ್‌ಗೆ ಜೋಡಿಸಿದೆ. ಸಿಸಿಟಿವಿಗೆ ಅಳವಡಿಸಿದ ದಿನದ ಫ್ಯಾಕ್ಟರಿ ಪಾಸ್‌ವರ್ಡೇ ಇವತ್ತಿಗೂ ಇದೆ. ಶಾಲೆ ಬಿಟ್ಟವರು ಗೂಗಲ್ ಡ್ರೈವ್‌ನಲ್ಲಿ ಇನ್ನೂ ಒಳಗೇ ಇದ್ದಾರೆ. ಇವನ್ನು ಸರಿಮಾಡಲು ಬೇಕಾದದ್ದು ಒಂದು ಮಧ್ಯಾಹ್ನ, ಖರ್ಚು ಏನೂ ಇಲ್ಲ.

ಹೆಜ್ಜೆ 2: ಅಕೌಂಟ್ ಬೇರೆ ಮಾಡಿ

ಎಲ್ಲರೂ ಒಂದೇ ಹೆಸರಿನಲ್ಲಿ, ಅದೂ ಅಡ್ಮಿನ್ ಆಗಿ ಲಾಗಿನ್ ಆಗುವ ಲ್ಯಾಬ್‌ನಲ್ಲಿ ಯಾವ ಆ್ಯಂಟಿವೈರಸ್ ಹಾಕಿದರೂ ಅಷ್ಟೇ. ಅಡ್ಮಿನ್ ಅಕೌಂಟಿನಲ್ಲಿ ಓಡುವ ವೈರಸ್‌ಗೆ ಇಡೀ ಕಂಪ್ಯೂಟರ್ ಸಿಗುತ್ತದೆ. ಸಾಮಾನ್ಯ ಅಕೌಂಟಿನಲ್ಲಿ ಬಹುತೇಕ ಆ ಬಳಕೆದಾರನ ಫೈಲುಗಳಷ್ಟೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್‌ಗೆ ಹೋಗಿ, ಹೆಸರಿನ ಮೇಲೆ ಒತ್ತಿ ಚೇಂಜ್ ಅಕೌಂಟ್ ಟೈಪ್‌ನಲ್ಲಿ ಸ್ಟ್ಯಾಂಡರ್ಡ್ ಯೂಸರ್ ಆರಿಸಿ. ಅಡ್ಮಿನ್ ಅಕೌಂಟ್ ಒಂದೇ ಇರಲಿ, ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅದನ್ನು ಬಳಸಿ. ಟೀಚರ್ ಕೂಡ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟಿನಲ್ಲೇ ಇರಬೇಕು. ಇದಕ್ಕೆ ಸ್ಟಾಫ್ ರೂಮಿನಲ್ಲಿ ಒಂದಿಷ್ಟು ಗೊಣಗಾಟ ಖಂಡಿತ.

ಸಾಧ್ಯವಿದ್ದರೆ ಪ್ರತಿ ಮಗುವಿಗೂ ಸ್ವಂತ ಅಕೌಂಟ್ ಕೊಡಿ. ಹತ್ತು ಜನ ಒಂದೇ ಲಾಗಿನ್ ಹಂಚಿಕೊಂಡಿದ್ದಾಗ ಒಬ್ಬರ ಫೈಲ್ ಅಳಿಸಿಹೋದರೆ, ಅಳಿಸಿದವರು ಯಾರು ಅಂತ ಕೇಳುವುದೇ ವ್ಯರ್ಥ. ಎಲ್ಲರ ಮೇಲೂ ಅನುಮಾನ ಉಳಿಯುತ್ತದೆ. ನನ್ನ ಹೆಸರಿನಲ್ಲಿ ಆದದ್ದಕ್ಕೆ ನಾನು ಹೊಣೆ ಎನ್ನುವುದು ಮಗುವಿಗೆ ತಿಳಿಯಬೇಕಾದರೆ ಮೊದಲು ಅದಕ್ಕೊಂದು ಹೆಸರು ಬೇಕು.

ಹೆಜ್ಜೆ 3: ತರಗತಿಯ ಎದುರು ಪಾಸ್‌ವರ್ಡ್ ಹಾಕುವ ಆ ಅರ್ಧ ನಿಮಿಷ

ಇಲ್ಲಿ ಸ್ವಲ್ಪ ನಿಲ್ಲೋಣ, ಸೋರಿಕೆಗೆ ದಾರಿಯಾಗುವುದೇ ಈ ಅರ್ಧ ನಿಮಿಷ. ಪ್ರೊಜೆಕ್ಟರ್ ಆನ್ ಆಗಿದೆ. ಟೀಚರ್ ಅವಸರದಲ್ಲಿ ಟೈಪ್ ಮಾಡುತ್ತಾರೆ, ಕರ್ಸರ್ ಇನ್ನೂ ಯೂಸರ್‌ನೇಮ್ ಡಬ್ಬಿಯಲ್ಲೇ ಇರುತ್ತದೆ. ಗೋಡೆಯ ಮೇಲೆ ಮೊಳದುದ್ದ ಅಕ್ಷರಗಳಲ್ಲಿ ಪಾಸ್‌ವರ್ಡ್ ಮೂಡುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ಮುಸಿಮುಸಿ ನಗುತ್ತಾರೆ. ಇನ್ನೊಂದು ಥರ: ಅರವತ್ತು ಮಕ್ಕಳ ಅಂಕ ತುಂಬಬೇಕು, ಸಮಯವಿಲ್ಲ, ಚುರುಕಾದ ಹುಡುಗಿಯೊಬ್ಬಳನ್ನು ಕೂರಿಸಿ ಪಾಸ್‌ವರ್ಡ್ ಹೇಳಿರುತ್ತಾರೆ. ಮುಂದಿನ ವಾರ ಅವಳೇ ಬಂದು "ಮಿಸ್, ನೀವು ಕೂತ್ಕೊಳ್ಳಿ, ಪಾಸ್‌ವರ್ಡ್ ನಂಗೊತ್ತು, ನಾನೇ ಹಾಕ್ಲಾ?" ಅನ್ನುತ್ತಾಳೆ. ಅವಳ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಅಂಕಗಳ ಬೀಗದ ಕೈ ಈಗ ಒಂದು ಮಗುವಿನ ಬಾಯಲ್ಲಿದೆ, ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ಬೆರಳು ತೋರಿಸುವುದು ಅವಳ ಕಡೆಗೇ.

ಇದಕ್ಕೆ ಪರಿಹಾರ ಸುಲಭ. ಲಾಗಿನ್ ಆದ ಮೇಲೆ ಪ್ರೊಜೆಕ್ಟರ್ ಆನ್ ಮಾಡಿ, ಅಥವಾ ರಿಮೋಟಿನ ಬ್ಲ್ಯಾಂಕ್ ಬಟನ್ ಒತ್ತಿ ಆಮೇಲೆ ಟೈಪ್ ಮಾಡಿ. ವಿಂಡೋಸ್ ಕೀ ಜೊತೆ 'ಪಿ' ಒತ್ತಿ ಎಕ್ಸ್‌ಟೆಂಡ್ ಆರಿಸಿದರೆ ಗೋಡೆಯ ಮೇಲೆ ಪಾಠ, ನಿಮ್ಮ ಪರದೆಯಲ್ಲಿ ಬೇರೆ ಕೆಲಸ. ನೋಟಿಫಿಕೇಶನ್ ಬಂದ್ ಮಾಡಿ. ಗಣಿತದ ಪಾಠದ ನಡುವೆ ಸಹೋದ್ಯೋಗಿಯ ವಾಟ್ಸ್ಆ್ಯಪ್ ಸಂದೇಶ ಇಡೀ ತರಗತಿ ಓದಬೇಕಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ 'ಎಲ್' ಒತ್ತಿದರೆ ಪರದೆ ಲಾಕ್ ಆಗುತ್ತದೆ. ಅಂಕ ತುಂಬಲು ಸಹಾಯ ಬೇಕೇ ಬೇಕಿದ್ದರೆ ಇನ್ನೊಬ್ಬ ಶಿಕ್ಷಕರನ್ನು ಕೇಳಿ, ಮಕ್ಕಳನ್ನು ಅದಕ್ಕೆ ಹಚ್ಚಬೇಡಿ.

ಹೆಜ್ಜೆ 4: ಪಾಸ್‌ವರ್ಡ್ ಉದ್ದವಿರಲಿ, ತಿಂಗಳಿಗೊಮ್ಮೆ ಬದಲಿಸುವುದು ಬೇಡ

ಪಾಸ್‌ವರ್ಡನ್ನು ಆಗಾಗ ಬದಲಿಸುತ್ತಲೇ ಇರಬೇಕು ಎನ್ನುವ ಹಳೆಯ ಸಲಹೆಯನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿತು. ಸೋರಿಕೆಯ ಸುಳಿವು ಇಲ್ಲದೆ ಸುಮ್ಮನೆ ಬದಲಿಸಲು ಒತ್ತಾಯ ಮಾಡಿದರೆ ಜನ ಕೊನೆಗೆ ಒಂದು ಅಂಕಿ ಸೇರಿಸಿ ಮುಗಿಸುತ್ತಾರೆ. ಅದಕ್ಕಿಂತ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪೋಣಿಸಿ: ಏಣಿ, ಗುಬ್ಬಿ, ಗುರುವಾರ, ಚಪ್ಪಟೆ ಈ ಥರ. (ಇದನ್ನೇ ಇಟ್ಟುಕೊಳ್ಳಬೇಡಿ, ಇಲ್ಲಿ ಅಚ್ಚಾಗಿದೆ.) ಒಂದೇ ಪಾಸ್‌ವರ್ಡ್ ಎರಡು ಕಡೆ ಬೇಡ, ನೆನಪಿಡಲು ಎಲ್ಲ ಪಾಸ್‌ವರ್ಡ್‌ಗಳನ್ನು ಬೀಗದೊಳಗೆ ಇಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಬಳಸಿ. ಅದೂ ಆಗದವರು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಅಡ್ಡಿಯಿಲ್ಲ. ಮಾನಿಟರಿಗೆ ಅಂಟಿಸಿದ ಚೀಟಿಗಿಂತ ಅದು ಎಷ್ಟೋ ವಾಸಿ. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಚಿಕ್ಕ ಪದ ಸಾಕು, ಅವರ ಅಕೌಂಟಿನಲ್ಲಿ ಕದಿಯುವಂಥದ್ದು ಏನೂ ಇಡಬೇಡಿ.

ಮುಖ್ಯ ಶಿಕ್ಷಕರು, ಆಫೀಸು, ಅಡ್ಮಿನ್ ಈ ಮೂರು ಕಡೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡಿನಂಥ ಇನ್ನೊಂದು ಗುರುತು) ಕಡ್ಡಾಯ ಮಾಡಿ. ಯಾಕೆಂದರೆ ದೊಡ್ಡ ಕಳ್ಳತನಗಳೂ ಒಂದು ಪಾಸ್‌ವರ್ಡಿನಿಂದಲೇ ಶುರುವಾಗುತ್ತವೆ. ಶಾಲಾ ದಾಖಲೆಗಳ ಸಾಫ್ಟ್‌ವೇರ್ ನಡೆಸುವ ಪವರ್‌ಸ್ಕೂಲ್ ಕಂಪನಿಯಿಂದ 2024ರ ಡಿಸೆಂಬರಿನಲ್ಲಿ ಕೋಟ್ಯಂತರ ವಿದ್ಯಾರ್ಥಿಗಳ ಮಾಹಿತಿ ಹೋದದ್ದು ಗ್ರಾಹಕ ಸೇವೆಯ ಪೋರ್ಟಲ್‌ನ ಒಂದು ಕದ್ದ ಲಾಗಿನ್‌ನಿಂದ. ಕಂಪನಿ ಹಣ ತೆತ್ತಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಇಟ್ಟುಕೊಂಡು ಶಾಲೆಗಳಿಗೇ ಬೆದರಿಕೆ ಬಂತು. ತಪ್ಪೊಪ್ಪಿಕೊಂಡವನು 19 ವರ್ಷದ ಕಾಲೇಜು ವಿದ್ಯಾರ್ಥಿ.

ಹೆಜ್ಜೆ 5: ಅಪ್‌ಡೇಟ್ ಮತ್ತು ಕ್ರ್ಯಾಕ್

ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ, ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 2017ರ ಮೇ 12ರಂದು ಜಗತ್ತನ್ನೆಲ್ಲ ಕಾಡಿತು. ಅದು ನುಗ್ಗಿದ ವಿಂಡೋಸ್‌ನ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಅಪ್‌ಡೇಟ್ ಮಾಡಿಕೊಳ್ಳಲು ಎರಡು ತಿಂಗಳು ಸಮಯವಿತ್ತು ಎಂದಾಯಿತು. ವಾರದಲ್ಲಿ ಒಂದು ದಿನ, ಲ್ಯಾಬ್ ಖಾಲಿ ಇರುವ ಹೊತ್ತು ಗೊತ್ತುಮಾಡಿ ಅಪ್‌ಡೇಟ್‌ಗೆ ಬಿಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಇನ್ನೂ ಕೆಲವು ವರ್ಷ ದುಡಿಯುತ್ತವೆ.

ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದು ಪುಕ್ಕಟೆ ಮಾಡಿದ ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟಿನ ನಿಲುವು. ಕ್ರ್ಯಾಕ್ ಫೈಲ್ ಓಡಿಸಲು ಆ್ಯಂಟಿವೈರಸ್ ಬಂದ್ ಮಾಡಿ ಎಂದು ಅದರ ಜೊತೆಗೇ ಬರೆದಿರುತ್ತದೆ. ಕಳ್ಳನೇ ಬಂದು ನಾಯಿ ಕಟ್ಟಿಹಾಕಿ ಎಂದ ಹಾಗೆ. ಇನ್ನು, ಕದ್ದ ಸಾಫ್ಟ್‌ವೇರ್ ಮುಂದೆ ಮಕ್ಕಳನ್ನು ಕೂರಿಸಿ ಕೃತಿಸ್ವಾಮ್ಯದ ಪಾಠ ಹೇಳುವ ಟೀಚರನ್ನು ಮಕ್ಕಳು ಒಳಗೊಳಗೇ ಅಳೆಯುತ್ತಾರೆ. ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್, ಟಕ್ಸ್ ಪೇಂಟ್, ಜಿಕಾಂಪ್ರಿ, ಸ್ಕ್ರ್ಯಾಚ್ ಎಲ್ಲವೂ ಉಚಿತ, ಶಾಲೆಯ ಕೆಲಸಕ್ಕೆ ಧಾರಾಳವಾಗಿ ಸಾಕು.

ಹೆಜ್ಜೆ 6: ಪೆನ್‌ಡ್ರೈವ್

ಪ್ರಾಜೆಕ್ಟ್ ಸಲ್ಲಿಸುವ ವಾರದಲ್ಲಿ ಪೆನ್‌ಡ್ರೈವ್ ಹತ್ತು ಕಂಪ್ಯೂಟರ್ ಸುತ್ತುತ್ತದೆ. ತೆರೆದಾಗ ಫೋಲ್ಡರ್‌ಗಳ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಅವು ಫೋಲ್ಡರ್‌ಗಳಲ್ಲ, ಶಾರ್ಟ್‌ಕಟ್‌ಗಳು. ನಿಜವಾದ ಫೋಲ್ಡರನ್ನು ವೈರಸ್ ಅಡಗಿಸಿ ಅದೇ ಹೆಸರಿನಲ್ಲಿ ತಾನು ಕೂತಿರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಮತ್ತು ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎರಡಕ್ಕೂ ಟಿಕ್ ಹಾಕಿಡಿ. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಒಂದಿದ್ದರೆ ಅದನ್ನೇ ತಪಾಸಣೆಗೆ ಇಟ್ಟುಕೊಳ್ಳಿ: ವಿಂಡೋಸ್‌ನ ಶಾರ್ಟ್‌ಕಟ್ ಅಲ್ಲಿ ಓಡುವುದಿಲ್ಲ, ಅಡಗಿದ ಫೋಲ್ಡರ್ ಸಲೀಸಾಗಿ ಕಾಣುತ್ತದೆ, ಮಗುವಿನ ಪ್ರಾಜೆಕ್ಟ್ ಉಳಿಯುತ್ತದೆ.

ಹೆಜ್ಜೆ 7: ಬ್ಯಾಕಪ್

ಮುಖ್ಯ ಫೈಲುಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಶಾಲೆಯ ಹೊರಗೆ. ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿದ ಮೇಲೆ ಕೇಬಲ್ ಕಿತ್ತಿಡಿ, ಚುಚ್ಚಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ. ಲಾಸ್ ಏಂಜಲಿಸ್‌ನ ಶಾಲಾ ಆಡಳಿತದ ಮೇಲೆ 2022ರಲ್ಲಿ ದಾಳಿಯಾದದ್ದು ಸಾಲು ರಜೆಯ ದಿನಗಳಲ್ಲಿ. ರಜೆಗೆ ಮುಂಚಿನ ದಿನವನ್ನೇ ಬ್ಯಾಕಪ್ ದಿನ ಮಾಡಿಕೊಳ್ಳಿ. ವರ್ಷಕ್ಕೆರಡು ಸಲ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು, ತೆರೆಯುತ್ತದೆಯೇ ನೋಡಿ.

ಹೆಜ್ಜೆ 8: ಮಕ್ಕಳ ಮೇಲೆ ಕಣ್ಣಿಡುವ ಮುನ್ನ

ಕೆಟ್ಟ ತಾಣಗಳ ವಿಳಾಸ ಹುಡುಕುವಾಗಲೇ ತಡೆಯುವ ಡಿಎನ್‌ಎಸ್ ಫಿಲ್ಟರ್ ಉಚಿತವಾಗಿಯೇ ಸಿಗುತ್ತದೆ. ರೂಟರಿನಲ್ಲಿ ಕ್ಲೌಡ್‌ಫ್ಲೇರ್‌ನ 1.1.1.3 ವಿಳಾಸ ಹಾಕಿದರೆ ಮಾಲ್‌ವೇರ್ ಮತ್ತು ಅಶ್ಲೀಲ ತಾಣಗಳ ಬಹುಪಾಲು ನಿಲ್ಲುತ್ತದೆ. ಆಫೀಸಿಗೂ ಮಕ್ಕಳಿಗೂ ಬೇರೆ ಬೇರೆ ವೈ-ಫೈ ಕೊಡಿ. ಇಷ್ಟು ಸಾಕಾಗುತ್ತದೆ.

ಅಷ್ಟಕ್ಕೇ ನಿಲ್ಲದೆ ಪ್ರತಿ ಪರದೆಯನ್ನೂ ಕದ್ದು ನೋಡುವ ಸಾಫ್ಟ್‌ವೇರ್ ಮಾರಲು ಬರುವವರು ಬಹಳ. ಅವರಿಗೆ ಸಹಿ ಹಾಕುವ ಮೊದಲು ಎರಡು ಪ್ರಕರಣ ಗೊತ್ತಿರಲಿ. ಅಮೆರಿಕದ ಲೋವರ್ ಮೆರಿಯನ್ ಶಾಲಾ ಆಡಳಿತ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಕಳವು ಪತ್ತೆಗೆಂದು ವೆಬ್‌ಕ್ಯಾಮ್ ಚಾಲೂ ಮಾಡುವ ಸಾಫ್ಟ್‌ವೇರ್ ಇಟ್ಟಿತ್ತು. ಮಕ್ಕಳು ಮನೆಯಲ್ಲಿದ್ದಾಗಲೂ ಅವರಿಗೆ ತಿಳಿಯದೆ ಅದು ಸಾವಿರಾರು ಚಿತ್ರ ತೆಗೆದದ್ದು 2010ರಲ್ಲಿ ಬಯಲಾಯಿತು. ಆಡಳಿತ 6,10,000 ಡಾಲರ್ ಕೊಟ್ಟು ರಾಜಿಯಾಯಿತು. 22 ವಿದ್ಯಾರ್ಥಿಗಳ ಹಾಜರಿಯನ್ನು ಮುಖ ಗುರುತಿಸುವ ಕ್ಯಾಮೆರಾದಿಂದ ತೆಗೆದದ್ದಕ್ಕೆ ಸ್ವೀಡನ್ನಿನ ಶೆಲೆಫ್ಟಿಯೊ ಊರಿನ ಶಾಲಾ ಆಡಳಿತಕ್ಕೆ 2019ರಲ್ಲಿ 2 ಲಕ್ಷ ಕ್ರೋನಾ ದಂಡ ಬಿತ್ತು. ಒಪ್ಪಿಗೆ ಪಡೆದಿದ್ದೇವೆ ಎಂದರು ಶಾಲೆಯವರು. ಶಾಲೆಯ ಮುಂದೆ ವಿದ್ಯಾರ್ಥಿ ಬೇಡ ಅನ್ನುವ ಸ್ಥಿತಿಯಲ್ಲೇ ಇಲ್ಲದಿರುವಾಗ ಅದು ಒಪ್ಪಿಗೆಯೇ ಅಲ್ಲ ಎಂದಿತು ಅಲ್ಲಿನ ಮಾಹಿತಿ ಪ್ರಾಧಿಕಾರ.

ಈ ಮಾತು ನಾವು ತೆಗೆಯುವ ಫೋಟೊಗಳಿಗೂ ಸಲ್ಲುತ್ತದೆ. ವಾರ್ಷಿಕೋತ್ಸವದ ಫೋಟೊ ಹಾಕುವಾಗ ಮಗುವಿನ ಪೂರ್ತಿ ಹೆಸರು, ತರಗತಿ, ಶಾಲೆ ಮೂರನ್ನೂ ಒಟ್ಟಿಗೆ ಬರೆಯಬೇಡಿ. ಎಲ್ಲರ ಅಂಕಪಟ್ಟಿ ಪೋಷಕರ ಗ್ರೂಪಿಗೆ ಬೇಡ, ಫೀಸ್ ಬಾಕಿಯವರ ಪಟ್ಟಿಯಂತೂ ಬೇಡವೇ ಬೇಡ. ಹೊಸ ಆ್ಯಪ್‌ಗೆ ಮಕ್ಕಳನ್ನು ಸೇರಿಸುವ ಮೊದಲು ವಯಸ್ಸು ನೋಡಿ: ಪೋಷಕರ ಒಪ್ಪಿಗೆ ಬೇಕಾದ ವಯಸ್ಸು ಅಮೆರಿಕದ ಕಾನೂನಿನಲ್ಲಿ 13ರ ಒಳಗೆ, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗೆ. ಫಿಲ್ಟರ್ ಇದೆ, ಯಾವ ತಾಣ ನೋಡಿದೆ ಎಂಬ ದಾಖಲೆ ಉಳಿಯುತ್ತದೆ, ಇಂಥವರು ನೋಡುತ್ತಾರೆ ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ.

ಹೆಜ್ಜೆ 9: ಬಿರುಕು ಕಂಡುಹಿಡಿದ ಮಗು

ಒಂಬತ್ತನೇ ತರಗತಿಯ ಹುಡುಗನೊಬ್ಬ ಬಂದು "ಸರ್, ರಿಸಲ್ಟ್ ಪೇಜಿನ ವಿಳಾಸದಲ್ಲಿ ನನ್ನ ನಂಬರ್ ಬದಲು ಪಕ್ಕದವನ ನಂಬರ್ ಹಾಕಿದ್ರೆ ಅವನ ಮಾರ್ಕ್ಸ್ ಬರುತ್ತೆ" ಎಂದರೆ ನೀವೇನು ಮಾಡುತ್ತೀರಿ? ಪೋಷಕರನ್ನು ಕರೆಸಿ ಎಂದರೆ, ಮುಂದೆ ಬಿರುಕು ಕಾಣುವ ಯಾವ ಮಗುವೂ ನಿಮ್ಮ ಬಳಿ ಬರುವುದಿಲ್ಲ. ಸ್ನೇಹಿತರ ಬಳಿ ಹೋಗುತ್ತದೆ.

ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೊಂದು ಪದ್ಧತಿ ಇದೆ. ಬಿರುಕು ಕಂಡವರು ಅದನ್ನು ಬಳಸದೆ, ಊರಿಗೆಲ್ಲ ಸಾರದೆ, ಮೊದಲು ಸಂಬಂಧಪಟ್ಟವರಿಗೆ ತಿಳಿಸುತ್ತಾರೆ, ತಿಳಿಸಿದವರನ್ನು ಶಿಕ್ಷಿಸುವುದಿಲ್ಲ. ಇದನ್ನೇ ನಾಲ್ಕು ಸಾಲಿನಲ್ಲಿ ಬರೆದು ಲ್ಯಾಬ್ ಗೋಡೆಗೆ ಹಾಕಿ. ಕಂಡರೆ ಹೇಳು, ಬೈಗುಳ ಇರುವುದಿಲ್ಲ. ಕಂಡಲ್ಲಿಗೆ ನಿಲ್ಲಿಸು, ಇನ್ನೊಬ್ಬರ ಮಾಹಿತಿ ತೆರೆಯಬೇಡ. ಬೇರೆಯವರಿಗೆ ತೋರಿಸಬೇಡ. ಯಾರಿಗೆ ಹೇಳಬೇಕು ಎಂಬಲ್ಲಿ ಒಬ್ಬ ಶಿಕ್ಷಕರ ಹೆಸರು ಇರಲಿ. ಇದನ್ನು ಮೀರಿ ಅಂಕ ತಿದ್ದಿದವನಿಗೆ ಶಿಕ್ಷೆ ಇರಲಿ, ಅದನ್ನು ಬೇಡ ಎನ್ನುತ್ತಿಲ್ಲ. ಆದರೆ ಪಾಸ್‌ವರ್ಡ್ ಊಹಿಸಿ ಸ್ನೇಹಿತನ ವಾಲ್‌ಪೇಪರ್ ಬದಲಿಸಿದವನನ್ನೂ, ನೂರು ಮಕ್ಕಳ ಫೋನ್ ನಂಬರ್ ಮಾರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕೈ ತುರಿಸುವ ಮಕ್ಕಳಿಗೆ ಮೈದಾನ ಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ಉಚಿತ ಸ್ಪರ್ಧೆ. ಅಲ್ಲಿ ಬೀಗ ಒಡೆಯುವುದೇ ಆಟ, ಯಾರಿಗೂ ತೊಂದರೆಯಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆ ಸೈಬರ್ ಚಾಯ್ಸಸ್ ಹೆಸರಿನ ಕಾರ್ಯಕ್ರಮವನ್ನೇ ಇದಕ್ಕಾಗಿ ನಡೆಸುತ್ತದೆ. ನಿಮ್ಮ ಲ್ಯಾಬ್‌ನಲ್ಲೂ ಅಂಥ ಇಬ್ಬರಿಗೆ ವಾರದ ಅಪ್‌ಡೇಟ್ ನೋಡಿಕೊಳ್ಳುವ ಜವಾಬ್ದಾರಿ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ನಿಮ್ಮ ಬಳಿಯೇ ಇರಲಿ.

ಹೆಜ್ಜೆ 10: ನಕಲು, ಎಐ

"ಎಐ ಬಳಸಬೇಡಿ" ಎಂಬ ಒಂದು ಸಾಲಿನ ನಿಯಮ ಎರಡು ದಿನವೂ ನಿಲ್ಲುವುದಿಲ್ಲ. ಪ್ರತಿ ಕೆಲಸಕ್ಕೂ ಹೇಳಿಬಿಡಿ: ಈ ಪ್ರಬಂಧ ನಿನ್ನದೇ ಆಗಿರಬೇಕು, ಈ ಪ್ರಾಜೆಕ್ಟಿಗೆ ಎಐ ಕೇಳಬಹುದು, ಏನು ಕೇಳಿದೆ ಎಂದು ಕೊನೆಯಲ್ಲಿ ಬರೆ, ಈ ಲೆಕ್ಕದಲ್ಲಿ ತಪ್ಪು ಹುಡುಕಲು ಮಾತ್ರ ಬಳಸು. ಯಾವ ಚಾಟ್‌ಬಾಟ್‌ಗೂ ಹೆಸರು, ಫೋಟೊ, ಮನೆಯ ವಿಷಯ ಹಾಕಬಾರದು. ಈ ನಿಯಮ ಶಿಕ್ಷಕರಿಗೂ ಅನ್ವಯ. ಮಕ್ಕಳ ವರದಿಗಳನ್ನು ಹೆಸರಿನ ಸಮೇತ ಚಾಟ್‌ಬಾಟ್‌ಗೆ ಸುರಿದು "ಷರಾ ಬರೆದುಕೊಡು" ಎನ್ನುವುದು ಸೋರಿಕೆಯೇ.

ಎಐ ಪತ್ತೆ ಮಾಡುವ ಸಾಧನಗಳನ್ನು ನಂಬಿ ಮಗುವನ್ನು ಕಳ್ಳ ಎನ್ನಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದ ಇನ್ನೊಂದು ಸಂಗತಿ ನಮಗೆ ನೇರವಾಗಿ ತಾಗುತ್ತದೆ: ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರ ಬರೆದದ್ದು ಎಂದವು. ಸರಳ ಪದ, ಸರಳ ವಾಕ್ಯ ಬರೆಯುವವರೇ ಸಿಕ್ಕಿಬೀಳುತ್ತಾರೆ. ಅನುಮಾನ ಬಂದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ಈ ಪ್ಯಾರಾ ಯಾಕೆ ಹೀಗೆ ಬರೆದೆ, ಹೇಳು ನೋಡೋಣ" ಎನ್ನಿ. ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಚಿತ್ರಗಳಿಗೆ ಬಂದರೆ, ಗೂಗಲ್‌ನಲ್ಲಿ ಕಂಡದ್ದೆಲ್ಲ ಉಚಿತವಲ್ಲ. ಮರುಬಳಕೆಗೆ ಬಿಟ್ಟ ಚಿತ್ರಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಮತ್ತು ತೆಗೆದವರ ಹೆಸರನ್ನು ಕೆಳಗೆ ಬರೆಯುವ ರೂಢಿ ಮಾಡಿಸಿ.

ಹೆಜ್ಜೆ 11: ಎಡವಟ್ಟಾದಾಗ

ಮಗುವಿನ ತಿರುಚಿದ ಚಿತ್ರವೋ ಹೀಯಾಳಿಸುವ ಸಂದೇಶವೋ ಹರಿದಾಡುತ್ತಿದೆ ಎಂದು ಗೊತ್ತಾದರೆ ಮೊದಲ ಮಾತು ಆ ಮಗುವಿನ ಜೊತೆ: ತಪ್ಪು ನಿನ್ನದಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ. ಆ ಭಯಕ್ಕೇ ಮಕ್ಕಳು ಬಾಯಿ ಬಿಡುವುದಿಲ್ಲ. ಸಂದೇಶವಾದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇರಲಿ. ಅಶ್ಲೀಲ ಚಿತ್ರವಾದರೆ ನಕಲು ಮಾಡಬೇಡಿ, ಸ್ಟಾಫ್ ಗ್ರೂಪಿಗೆ "ನೋಡಿ" ಎಂದು ಕಳಿಸಲೇಬೇಡಿ, ಮಕ್ಕಳ ಅಂಥ ಚಿತ್ರವನ್ನು ಹಂಚುವುದೇ ಅಪರಾಧ. ಯಾರ ಫೋನಿನಲ್ಲಿ, ಯಾವ ಆ್ಯಪಿನಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಪೋಷಕರಿಗೆ, ಪೊಲೀಸರಿಗೆ, ಆ ಆ್ಯಪ್‌ನವರಿಗೆ ತಿಳಿಸಿ.

ಕಂಪ್ಯೂಟರಿನಲ್ಲಿ ಹಣ ಕೇಳುವ ಪರದೆ ಬಂದರೆ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈ-ಫೈ ಬಂದ್ ಮಾಡಿ, ಪರದೆಯ ಫೋಟೊ ತೆಗೆಯಿರಿ, ಸಮಯ ಬರೆಯಿರಿ. ಪೆನ್‌ಡ್ರೈವ್ ಚುಚ್ಚಿ ಫೈಲ್ ಉಳಿಸಲು ಹೋಗಬೇಡಿ. ಯಾರಿಗೆ ಫೋನ್ ಮಾಡಬೇಕೋ ಆ ನಂಬರುಗಳನ್ನು ಕಾಗದದಲ್ಲಿ ಬರೆದು ಲ್ಯಾಬ್‌ನಲ್ಲೊಂದು, ಆಫೀಸಿನಲ್ಲೊಂದು ಅಂಟಿಸಿರಿ. ಕಂಪ್ಯೂಟರಿನೊಳಗೆ ಮಾತ್ರ ಇದ್ದರೆ ಆ ದಿನ ಅವೂ ಸಿಗುವುದಿಲ್ಲ.